ಖಾಲಿ ಡಬ್ಬದ ಚರಿತ್ರೆ

ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಅರಸರು, ಯುದ್ಧಗಳು ಮತ್ತು ಕೋಟೆಗಳು. ಅಡುಗೆಮನೆಯ ಮೂಲೆಯಲ್ಲಿ ಬಿದ್ದಿರುವ ಖಾಲಿ ಡಬ್ಬಕ್ಕೂ ಒಂದು ಚರಿತ್ರೆ ಇದೆಯೆಂದು ನಾವು ಯೋಚಿಸುವುದಿಲ್ಲ. ಆದರೆ ಮುಂದೆ ಜಗತ್ತಿನ ದೈತ್ಯ ತೈಲ ಕಂಪೆನಿಗಳ ಸಾಲಿಗೆ ಸೇರಿದ ಸಂಸ್ಥೆಯೊಂದು, ತನ್ನ ಆರಂಭದ ದಿನಗಳಲ್ಲಿ ಏಷ್ಯಾದ ಬಡವರ ಖಾಲಿ ಡಬ್ಬದ ಮುಂದೆ ತಲೆಬಾಗಬೇಕಾಯಿತು.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಸೀಮೆಎಣ್ಣೆ ಏಷ್ಯಾದ ಬಂದರುಗಳಿಗೆ ಬರತೊಡಗಿತು. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ದೀಪ ಉರಿಯುತ್ತಿದ್ದುದು ಹರಳೆಣ್ಣೆ, ಹೊಂಗೆಎಣ್ಣೆ, ತೆಂಗಿನೆಣ್ಣೆಗಳಿಂದ. ಸೀಮೆಯಿಂದ, ಅಂದರೆ ಪರದೇಶದಿಂದ ಬಂದದ್ದರಿಂದ ಇದು ಸೀಮೆಎಣ್ಣೆಯಾಯಿತು. ಕರಾವಳಿಯವರು ಇದನ್ನು ಚಿಮಿಣಿ ಎಣ್ಣೆ ಎಂದರು. ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿ ಈ ಎಣ್ಣೆಯನ್ನು ಚೌಕಾಕಾರದ ತಗಡಿನ ಡಬ್ಬಗಳಲ್ಲಿ ತುಂಬಿ, ಎರಡೆರಡು ಡಬ್ಬಗಳನ್ನು ಒಂದೊಂದು ಮರದ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಿತ್ತು. ಒಂದು ಡಬ್ಬದಲ್ಲಿ ಸುಮಾರು 19 ಲೀಟರ್ ಎಣ್ಣೆ. ಡಬ್ಬದ ಬಣ್ಣ ನೀಲಿ.

ಲಂಡನ್ನಿನ ವರ್ತಕ ಮಾರ್ಕಸ್ ಸ್ಯಾಮ್ಯುಯೆಲ್ ಇದಕ್ಕೆ ಪೈಪೋಟಿ ನೀಡಲು ಹೊರಟ. ಡಬ್ಬ, ಪೆಟ್ಟಿಗೆಗಳ ಖರ್ಚೇ ಬೇಡ, ಎಣ್ಣೆಯನ್ನು ನೇರವಾಗಿ ಹಡಗಿನ ಟ್ಯಾಂಕಿಗೆ ತುಂಬಿ ತಂದರೆ ಅಗ್ಗವಾಗುತ್ತದೆ ಎಂಬುದು ಅವನ ಲೆಕ್ಕಾಚಾರ. 1892ರಲ್ಲಿ ಅವನ ‘ಮ್ಯೂರೆಕ್ಸ್’ ಹಡಗು ಕಪ್ಪು ಸಮುದ್ರದ ಬಟೂಮ್ ಬಂದರಿನಲ್ಲಿ ರಷ್ಯಾದ ಎಣ್ಣೆ ತುಂಬಿಕೊಂಡು, ಸೂಯೆಜ್ ಕಾಲುವೆ ದಾಟಿ ಪೂರ್ವಕ್ಕೆ ಬಂತು. ಜನರು ತಮ್ಮ ತಮ್ಮ ಪಾತ್ರೆ ಹಿಡಿದು ಬಂದು ಎಣ್ಣೆ ಒಯ್ಯುತ್ತಾರೆಂದು ಅವನು ನಂಬಿದ್ದ.

ಆದರೆ ಜನ ಬರಲಿಲ್ಲ. ಎಣ್ಣೆ ಅಗ್ಗವಾಗಿತ್ತು, ಡಬ್ಬ ಇರಲಿಲ್ಲ! ಎಣ್ಣೆ ಮುಗಿದ ಮೇಲೆ ಆ ನೀಲಿ ಡಬ್ಬದ ಎರಡನೇ ಬದುಕು ಆರಂಭವಾಗುತ್ತಿತ್ತು. ಅದು ಛಾವಣಿಯ ತಗಡಾಗುತ್ತಿತ್ತು, ಹಕ್ಕಿಯ ಪಂಜರವಾಗುತ್ತಿತ್ತು, ಚಹಾ ಸೋಸುವ ಜಾಲರಿಯಾಗುತ್ತಿತ್ತು. ಅದನ್ನು ಬಿಟ್ಟು ಬರೀ ಎಣ್ಣೆ ಕೊಳ್ಳಲು ಜನ ಸಿದ್ಧರಿರಲಿಲ್ಲ. ಕೊನೆಗೆ ಸ್ಯಾಮ್ಯುಯೆಲ್ ಹಡಗಿನಲ್ಲಿ ತಗಡು ಕಳಿಸಿ, ಪೂರ್ವದ ಬಂದರುಗಳಲ್ಲೇ ಡಬ್ಬ ಮಾಡಿಸಬೇಕಾಯಿತು. ಈ ಡಬ್ಬಕ್ಕೆ ಕೆಂಪು ಬಣ್ಣ. ದೂರದಿಂದ ಪ್ರಯಾಣ ಮಾಡಿ ಜಜ್ಜಿಹೋದ ನೀಲಿ ಡಬ್ಬದ ಮುಂದೆ ಹೊಳೆಯುವ ಕೆಂಪು ಡಬ್ಬ ಗೆದ್ದಿತು. 1897ರಲ್ಲಿ ಅವನು ಕಟ್ಟಿದ ಕಂಪೆನಿಯೇ ‘ಶೆಲ್’. 1928ರಿಂದ ಅದು ಭಾರತದಲ್ಲಿ ಬರ್ಮಾ-ಶೆಲ್ ಎಂಬ ಹೆಸರಿನಲ್ಲಿ ವ್ಯಾಪಾರ ಮಾಡಿತು. 1976ರಲ್ಲಿ ರಾಷ್ಟ್ರೀಕರಣಗೊಂಡ ಆ ಸಂಸ್ಥೆಯೇ ಇಂದಿನ ಭಾರತ್ ಪೆಟ್ರೋಲಿಯಂ.

ನಮ್ಮ ಊರುಗಳಲ್ಲೂ ಈ ಡಬ್ಬ ಮಾಡದ ಕೆಲಸವಿಲ್ಲ. ಮುಚ್ಚಳ ಕತ್ತರಿಸಿ ಬಾಯಿಗೆ ಅಡ್ಡಲಾಗಿ ಕೋಲು ಬಡಿದರೆ ನೀರು ಸೇದುವ ಕೊಡ. ಎರಡು ಡಬ್ಬಗಳನ್ನು ಕಾವಡಿಗೆ ಕಟ್ಟಿದರೆ ಒಂದು ಮನೆಯ ಸ್ನಾನದ ನೀರು. ತಳಕ್ಕೆ ಮೊಳೆಯಿಂದ ತೂತು ಹೊಡೆದರೆ ಸಸಿಗೆ ನೀರು ಚಿಮುಕಿಸುವ ಸಾಧನ. ಅಕ್ಕಿ, ಬೆಲ್ಲ ಇಡಲೂ ಅದೇ. ಮಣ್ಣು ತುಂಬಿದರೆ ಅಂಗಳದ ಮಲ್ಲಿಗೆಗೆ ಕುಂಡ.

ಮಿಕ್ಕಿದ್ದು ತಗಡಿನ ಕೆಲಸಗಾರನ ಕೈಚಳಕ. ಡಬ್ಬದ ಬೆಸುಗೆ ಬಿಡಿಸಿ, ತಗಡನ್ನು ತಟ್ಟಿ ನೇರ ಮಾಡಿ, ಕತ್ತರಿಸಿ, ಮತ್ತೆ ಬೆಸೆದು ಅವನು ಬುಡ್ಡಿದೀಪ, ಆಲಿಕೆ, ತುರಿಯುವ ಮಣೆಗಳನ್ನು ಮಾಡಿಕೊಡುತ್ತಿದ್ದ. ಬೇರೆ ದೇಶದ ಎಣ್ಣೆ ತಂದ ಡಬ್ಬವೇ ಕೊನೆಗೆ ಆ ಎಣ್ಣೆ ಉರಿಯುವ ದೀಪವಾಗುತ್ತಿತ್ತು. ತಗಡು, ಕಲಾಯಿಯ ಈ ಕಸುಬುಗಳಲ್ಲಿ ಮುಸ್ಲಿಮರು ಬಹಳಷ್ಟಿದ್ದರು. ‘ಕಲಾಯಿ ಸಾಬರು’ ಬೀದಿಗೆ ಬಂದರೆಂದರೆ ಎಲ್ಲ ಜಾತಿಯ ಮನೆಗಳಿಂದಲೂ ಪಾತ್ರೆಗಳು ಹೊರಬರುತ್ತಿದ್ದವು. ಇಂತಹ ಕೈಗಳು ಎಲ್ಲ ದೇಶಗಳಲ್ಲೂ ಇದ್ದವು. ಕೈರೋದ ಕುಶಲಕರ್ಮಿಗಳು ಹಳೆಯ ಡಬ್ಬಗಳ ತಗಡಿಗೆ ಬಣ್ಣದ ಗಾಜು ಕೂಡಿಸಿ ರಮಝಾನಿನ ‘ಫಾನೂಸ್’ ಲಾಟೀನುಗಳನ್ನು ಮಾಡಿದರು.

ಇದನ್ನೆಲ್ಲ ಕೇವಲ ಜಾಣ್ಮೆಯೆಂದು ಹೊಗಳಿ ಸುಮ್ಮನಾಗುವುದು ಸರಿಯಲ್ಲ. ಮೊರಾಕೊದ ಕಾಸಾಬ್ಲಾಂಕಾದಲ್ಲಿ ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಹಳ್ಳಿಗಳಿಂದ ಕೂಲಿ ಹುಡುಕಿಕೊಂಡು ಬಂದವರು ಡಬ್ಬದ ತಗಡುಗಳಿಂದಲೇ ಗುಡಿಸಲು ಕಟ್ಟಿಕೊಂಡರು. ಫ್ರೆಂಚಿನಲ್ಲಿ ‘ಬಿದೋನ್’ ಎಂದರೆ ಡಬ್ಬ. ಆ ಕೇರಿಗಳಿಗೆ ‘ಬಿದೋನ್‌ವಿಲ್’, ಅಂದರೆ ಡಬ್ಬದೂರು ಎಂಬ ಹೆಸರು ಬಂತು. ಇಂದು ಫ್ರೆಂಚಿನಲ್ಲಿ ಕೊಳೆಗೇರಿಗೆ ಅದೇ ಶಬ್ದ. ಮರುಬಳಕೆಯ ಚರಿತ್ರೆಯಲ್ಲಿ ಬಡತನದ ಕಣ್ಣೀರೂ ಇದೆ.

ನಮ್ಮ ಕಾಲಕ್ಕೆ ಬಂದರೆ ಸ್ಥಿತಿ ತಲೆಕೆಳಗಾಗಿದೆ. 1980ರ ದಶಕದಲ್ಲಿ ಶಾಂಪೂವಿನ ಪುಟ್ಟ ಸ್ಯಾಶೆಗಳು ನಮ್ಮ ಅಂಗಡಿಗಳ ಮುಂದೆ ಮಾಲೆಯಂತೆ ತೂಗಾಡತೊಡಗಿದವು. ಬಡವರಿಗೂ ಶಾಂಪೂ ಕೈಗೆಟುಕಿತು, ನಿಜ. ಆದರೆ ಹಲವು ಪದರಗಳನ್ನು ಅಂಟಿಸಿ ಮಾಡಿದ ಆ ಲಕೋಟೆಗೆ ಎರಡನೇ ಬದುಕಿಲ್ಲ. ಗುಜರಿಯವನೂ ಅದನ್ನು ಮುಟ್ಟುವುದಿಲ್ಲ. ಅಂದು ಗ್ರಾಹಕನ ಹಟಕ್ಕೆ ಮಣಿದು ಕಂಪೆನಿ ಡಬ್ಬ ಕೊಟ್ಟಿತು. ಇಂದು ಕಂಪೆನಿ ಕೊಟ್ಟ ಕಸವನ್ನು ನಾವು ಮರುಮಾತಿಲ್ಲದೆ ಮನೆಗೆ ತರುತ್ತಿದ್ದೇವೆ.

ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲಗಳ ನಿಷೇಧವಾಯಿತು. ಕಾನೂನು ಬೇಕು, ಆದರೆ ಅದೊಂದೇ ಸಾಲದು. ದುಂದುಗಾರಿಕೆಯನ್ನು ಕುರ್‌ಆನ್ ಕಟುವಾಗಿ ಖಂಡಿಸಿದೆ. ಪ್ರವಾದಿವರ್ಯರು(ಸ) ತಮ್ಮ ಹರಿದ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಈ ಮಾತುಗಳನ್ನು ನಾವು ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಅದೇ ಹೊತ್ತಿಗೆ ನಮ್ಮ ಮದುವೆ ಊಟದ ಪ್ಲಾಸ್ಟಿಕ್ ಲೋಟಗಳು ಹೊರಗೆ ರಾಶಿಯಾಗಿ ಬಿದ್ದಿರುತ್ತವೆ.

ಇನ್ನೊಂದು ಮಾತು. ‘ಗುಜರಿಯವನು’ ಎಂಬುದು ನಮ್ಮ ಸಮಾಜದಲ್ಲಿ ಇಂದಿಗೂ ಮೂದಲಿಕೆಯ ಪದ. ಹೆಣ್ಣು ಕೊಡುವಾಗ, ಮನೆ ಬಾಡಿಗೆಗೆ ಕೊಡುವಾಗ ಆ ಮೂದಲಿಕೆಯ ನಿಜರೂಪ ಕಾಣುತ್ತದೆ. ಆದರೆ ನಾವು ಎಸೆದದ್ದಕ್ಕೆ ಮತ್ತೆ ಬೆಲೆ ತಂದುಕೊಡುವವನು ಅವನೇ. ಆಲಿಕೆ, ದೀಪ ಮಾಡಿದ ಆ ತಗಡಿನ ಕೆಲಸಗಾರನ ವಾರಸುದಾರನೂ ಅವನೇ. ಮುಂದಿನ ಬಾರಿ ಅವನು ಬಾಗಿಲಿಗೆ ಬಂದಾಗ ಹಳೆಯ ಡಬ್ಬದ ಜೊತೆಗೆ ಒಂದು ಸಲಾಮನ್ನೂ ಕೊಡೋಣ.