ನಮ್ಮೂರ ಕೋಟೆಯನ್ನು ನೋಡಿದ್ದೀರಾ?

ಜಪಾನಿಗೆ ಹೋದ ಪ್ರವಾಸಿಗರು ಹಿಮೇಜಿಯ ಕೋಟೆ, ನಾರಾದ ಹಳೆಯ ದೇಗುಲಗಳನ್ನು ಹುಡುಕಿಕೊಂಡು ಹೋಗುತ್ತಾರೆ. ರಾಯಚೂರಿನಲ್ಲಿ ಇಳಿದವರು ಮಾತ್ರ ಹಂಪಿಗೋ ವಿಜಯಪುರಕ್ಕೋ ದಾರಿ ಕೇಳುತ್ತಾರೆ. ಅವರನ್ನೇಕೆ ದೂರಬೇಕು? ಕೋಟೆಯ ಪಕ್ಕದಲ್ಲೇ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಮಂದಿ ಅದರ ಶಾಸನದ ಮುಂದೆ ನಿಂತಿದ್ದೇವೆ?

ಒಳಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲಿದೆ. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ? ಉತ್ತರವೂ ಅಲ್ಲೇ ಇದೆ: ಬಂಡಿಯ ಮೇಲೆ ಕಲ್ಲು, ಅದನ್ನೆಳೆಯುವ ಸಾಲು ಸಾಲು ಜಾನುವಾರುಗಳ ಚಿತ್ರವನ್ನು ಗೋಡೆಯಲ್ಲೇ ಕೊರೆದಿದ್ದಾರೆ. ಎಳೆದವರ ಹೆಸರು ಮಾತ್ರ ಉಳಿದಿಲ್ಲ.

ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ಬಹಮನಿಗಳೂ ವಿಜಯನಗರದವರೂ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ್ದೂ ಇಲ್ಲಿಯೇ. ಅದಕ್ಕೂ ಮೊದಲು, 1513ರ ಸುಮಾರಿಗೆ, ಬಹಮನಿ ಮಹಮೂದ್ ಶಾಹನ ಕಾಲದಲ್ಲಿ ಎದ್ದದ್ದು ಏಕ್ ಮಿನಾರ್ ಮಸೀದಿ. ಹೆಸರಿನಂತೆಯೇ ಮಿನಾರು ಒಂದೇ, ಎತ್ತರ ಸುಮಾರು 65 ಅಡಿ.

ಇನ್ನೊಂದು ದಿನ ಸಿಗುವುದಾದರೆ ಸಿಂಧನೂರು ರಸ್ತೆ ಹಿಡಿದು ಮಾನ್ವಿಗೆ ಹೋಗಿ. ‘ಹರಿಕಥಾಮೃತಸಾರ’ ರಚಿಸಿದ ಜಗನ್ನಾಥದಾಸರ ಊರದು. ದೇವದುರ್ಗದ ದಾರಿಯಲ್ಲಿ ಗಬ್ಬೂರು ಬರುತ್ತದೆ. ಅಲ್ಲಿನ ಹಳೆಯ ಗುಡಿಗಳಿಗೆ, ಶಾಸನಗಳಿಗೆ ಅರ್ಧ ದಿನವಾದರೂ ಬೇಕು. ಬೇಸಿಗೆಯಲ್ಲಾದರೆ ಬೆಳಿಗ್ಗೆಯೇ ಹೊರಡಿ. ನಮ್ಮ ಬಿಸಿಲು ತಮಗೆ ಗೊತ್ತೇ ಇದೆ.