ಮರ್ಸಿಯದ ಒಡತಿ

ನಮ್ಮ ಚಿಕ್ಕಪ್ಪನವರು ನಿವೃತ್ತರಾದ ಮೇಲೆ ಹಿಡಿದ ಮೊದಲ ಕೆಲಸವೆಂದರೆ ಮನೆತನದ ವಂಶವೃಕ್ಷ ಬರೆಯುವುದು. ಎರಡು ವರ್ಷ ಊರೂರು ಸುತ್ತಿ, ಹಳೆಯ ಕಾಗದಪತ್ರಗಳನ್ನೆಲ್ಲ ತಿರುವಿ ಏಳು ತಲೆಮಾರು ಹಿಡಿದು ತಂದರು. ನಾನು ಗೌರಿಹಬ್ಬಕ್ಕೆ ತವರಿಗೆ ಹೋದಾಗ ಆ ದೊಡ್ಡ ಹಾಳೆಯನ್ನು ನಡುಮನೆಯಲ್ಲಿ ಹರಡಿದರು. ನಾನು ನನ್ನ ಹೆಸರು ಹುಡುಕಿದೆ. ಅಣ್ಣನ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಗೆರೆ, ಅದರ ತುದಿಗೆ ‘ಹೆ. 2’ ಎಂದಿತ್ತು. ಅಂದರೆ ನಾನು ಮತ್ತು ನನ್ನ ತಂಗಿ.

“ನಿನ್ನ ಹೆಸರು ನಿನ್ನ ಗಂಡನ ಮನೆಯ ಮರದಲ್ಲಿ ಬರುತ್ತೆ ಕಣಮ್ಮ” ಎಂದರು ಚಿಕ್ಕಪ್ಪ, ನಗುತ್ತಾ. ಅಲ್ಲಿ ಯಾರೂ ಮರ ಬರೆಯುತ್ತಿಲ್ಲ ಎಂದು ಹೇಳಲು ನಾನು ಹೋಗಲಿಲ್ಲ. ಚರಿತ್ರೆಯ ಮೇಡಂ ಆಗಿ ನಾನೇ ಎಷ್ಟು ವಂಶಾವಳಿಗಳನ್ನು ಹೀಗೆಯೇ ಹಲಗೆಯ ಮೇಲೆ ಬರೆದು ಮಕ್ಕಳ ಕೈಲಿ ಉರು ಹೊಡೆಸಿಲ್ಲ! ಅದಕ್ಕೂ ಮುಂಚೆ, ಬಿ.ಎ.ಯಲ್ಲಿ ಇಂಗ್ಲೆಂಡಿನ ಚರಿತ್ರೆ ಓದುವಾಗ, ನಾನೂ ಉರು ಹೊಡೆದಿದ್ದೆ: ಎಗ್ಬರ್ಟ್, ಆಲ್‌ಫ್ರೆಡ್, ಎಡ್ವರ್ಡ್, ಆಥೆಲ್‌ಸ್ಟನ್. ವೆಸೆಕ್ಸ್ ಎಂಬ ತೆಂಕಣ ಪುಟ್ಟ ರಾಜ್ಯದ ದೊರೆಗಳು ಇಡೀ ಇಂಗ್ಲೆಂಡಿಗೆ ದೊರೆಗಳಾದ ಕಥೆ ಅದು. ತಂದೆಯಿಂದ ಮಗ, ಮಗನಿಂದ ಮೊಮ್ಮಗ. ಗೆರೆ ನೆಟ್ಟಗೆ ಇಳಿಯುತ್ತದೆ. ಆ ಗೆರೆಯ ಪಕ್ಕದಲ್ಲಿ ಒಬ್ಬಳು ‘ಹೆ. 1’ ನಿಂತಿದ್ದಳು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಆಲ್‌ಫ್ರೆಡ್ ದೊರೆ ರೊಟ್ಟಿ ಸೀಯಿಸಿದ ಕಥೆ ನಿಮಗೆ ಗೊತ್ತಿರಬಹುದು. 878ರ ಜನವರಿಯಲ್ಲಿ ಡೇನರು ಚಿಪನಂ ಎಂಬ ಊರಿಗೆ ದಿಢೀರನೆ ನುಗ್ಗಿದರು. ದೊರೆ ಕೆಲವೇ ಜನರೊಂದಿಗೆ ಸಾಮರ್‌ಸೆಟ್ಟಿನ ಜೌಗುನೆಲಕ್ಕೆ ಓಡಿಹೋದ. ಅಲ್ಲಿ ಒಬ್ಬ ದನಗಾಹಿಯ ಹೆಂಡತಿ ಒಲೆಯ ಮೇಲಿನ ರೊಟ್ಟಿ ನೋಡಿಕೋ ಎಂದು ಹೇಳಿ ಹೋದಳಂತೆ. ಇವನು ರಾಜ್ಯದ ಚಿಂತೆಯಲ್ಲಿ ರೊಟ್ಟಿಯನ್ನು ಕರಿ ಮಾಡಿದನಂತೆ. ಅವಳು ಬಂದು ಚೆನ್ನಾಗಿ ಬೈದಳಂತೆ. ಆಲ್‌ಫ್ರೆಡ್ ಸತ್ತು ಸುಮಾರು ನೂರು ವರ್ಷವಾದ ಮೇಲೆ ಹುಟ್ಟಿದ ಕಥೆ ಇದು, ನಿಜವಲ್ಲ. ಆದರೂ ಅವನ ಬಗ್ಗೆ ಜನರಿಗೆ ನೆನಪಿರುವುದು ಇದೊಂದೇ. ಬೈದ ಹೆಂಗಸಿಗೆ ಅದರಲ್ಲೂ ಹೆಸರಿಲ್ಲ!

ನಿಜವಾಗಿ ನಡೆದದ್ದು ಇಷ್ಟು. ಅದೇ ಮೇ ತಿಂಗಳಲ್ಲಿ ಆಲ್‌ಫ್ರೆಡ್ ಎಡಿಂಗ್ಟನ್ ಎಂಬಲ್ಲಿ ಡೇನರನ್ನು ಸೋಲಿಸಿದ. ಅವರ ನಾಯಕ ಗುಥ್ರಂ ಕ್ರೈಸ್ತನಾದ. ಆಮೇಲೆ ದೊರೆ ಊರೂರಿಗೆ ಕೋಟೆ ಕಟ್ಟಿಸಿದ, ಶಾಲೆ ತೆರೆಸಿದ, ಲ್ಯಾಟಿನ್ ಪುಸ್ತಕಗಳನ್ನು ತನ್ನ ಜನರ ಭಾಷೆಗೆ ತಾನೇ ಅನುವಾದಿಸಿದ. ದೊಡ್ಡ ಮನುಷ್ಯನೇ, ಸಂಶಯವಿಲ್ಲ.

ಆದರೆ ಅವನ ಆಸ್ಥಾನದ ಆಸರ್ ಎಂಬ ಪಾದ್ರಿ ಬರೆದ ಜೀವನಚರಿತ್ರೆಯಲ್ಲಿ ಆಲ್‌ಫ್ರೆಡ್‌ನ ಮದುವೆಯ ಪ್ರಸಂಗ ಬರುತ್ತದೆ. ಹುಡುಗಿ ಮರ್ಸಿಯ ಎಂಬ ನೆರೆರಾಜ್ಯದವಳು. ಅವಳ ತಂದೆಯ ಹೆಸರಿದೆ, ತಾಯಿಯ ಹೆಸರೂ ಇದೆ. ಮದುಮಗಳ ಹೆಸರು ಮಾತ್ರ ಇಲ್ಲ. ಬೇರೆ ದಾಖಲೆಗಳಿಂದ ತಿಳಿಯುತ್ತದೆ, ಅವಳು ಎಲ್ಸ್‌ವಿತ್. ವೆಸೆಕ್ಸಿನಲ್ಲಿ ದೊರೆಯ ಹೆಂಡತಿಯನ್ನು ರಾಣಿ ಎಂದು ಕರೆಯುವ, ಪಕ್ಕದಲ್ಲಿ ಕೂರಿಸುವ ಪದ್ಧತಿಯೇ ಇರಲಿಲ್ಲವಂತೆ. ಹಿಂದೊಬ್ಬಳು ರಾಣಿ ಬೇರೆಯವನಿಗಿಟ್ಟ ವಿಷ ತಪ್ಪಿ ಗಂಡನ ಹೊಟ್ಟೆಗೆ ಹೋಯಿತು, ಅದಕ್ಕೇ ಈ ಕಟ್ಟಳೆ ಎಂದು ಅದೇ ಆಸರ್ ಹೇಳುತ್ತಾನೆ. ಒಬ್ಬಳ ತಪ್ಪಿಗೆ ಎಲ್ಲರನ್ನೂ ನೆಲದ ಮೇಲೆ ಕೂರಿಸುವುದು ಎಲ್ಲ ಕಡೆಯೂ ಇದ್ದದ್ದೇ ಅನ್ನಿ.

ಆಲ್‌ಫ್ರೆಡ್–ಎಲ್ಸ್‌ವಿತ್‌ರ ಮೊದಲ ಮಗು ಎಥೆಲ್‌ಫ್ಲೆಡ್. ಹುಟ್ಟಿದ್ದು 870ರ ಸುಮಾರಿಗೆ. ತಂದೆ ಜೌಗಿನಲ್ಲಿ ತಲೆಮರೆಸಿಕೊಂಡಿದ್ದಾಗ ಅವಳಿಗೆ ಎಂಟರ ಪ್ರಾಯ. ಅವಳನ್ನು ಮರ್ಸಿಯವನ್ನು ಆಳುತ್ತಿದ್ದ ಎಥೆಲ್‌ರೆಡ್‌ಗೆ ಕೊಟ್ಟು ಮದುವೆ ಮಾಡಿದರು. ಮರ್ಸಿಯದ ಅರ್ಧ ಭಾಗ ಆಗಲೇ ಡೇನರ ಕೈ ಸೇರಿತ್ತು. ಉಳಿದರ್ಧವನ್ನು ವೆಸೆಕ್ಸಿಗೆ ಗಂಟುಹಾಕಲು ಈ ಮದುವೆ. ‘ಕೊಟ್ಟ ಹೆಣ್ಣು ಕುಲದಿಂದ ಹೊರಗೆ’ ಎನ್ನುತ್ತೇವಲ್ಲ, ಇವಳನ್ನು ಕೊಟ್ಟದ್ದೇ ಕುಲವನ್ನು ಹಿಗ್ಗಿಸುವುದಕ್ಕೆ.

911ರಲ್ಲಿ ಗಂಡ ಸತ್ತ. ಇದ್ದದ್ದು ಒಬ್ಬಳೇ ಮಗಳು. ವೆಸೆಕ್ಸಿನಲ್ಲಿ ಆಗ ಅವಳ ತಮ್ಮ ಎಡ್ವರ್ಡ್ ದೊರೆ. ಭಾವ ಸತ್ತ ಕೂಡಲೇ ಲಂಡನ್ ಮತ್ತು ಆಕ್ಸ್‌ಫರ್ಡನ್ನು ಅವನು ತನ್ನ ವಶಕ್ಕೆ ತೆಗೆದುಕೊಂಡ. ಉಳಿದ ಮರ್ಸಿಯವನ್ನು ಅಕ್ಕ ಆಳಿದಳು. ಜನ ಅವಳನ್ನು ‘ಮರ್ಸಿಯರ ಒಡತಿ’ ಎಂದರು. ಒಡತಿ ಎಂಬುದಕ್ಕೆ ಅವರ ಹಳೆಯ ನುಡಿಯಲ್ಲಿದ್ದ ಪದವೇ ಸವೆದು ಇಂದಿನ ‘ಲೇಡಿ’ ಆಗಿದೆ. ಆ ಪದದ ಮೂಲಾರ್ಥ ರೊಟ್ಟಿಯ ಹಿಟ್ಟು ನಾದುವವಳು! ‘ಲಾರ್ಡ್’ ಎಂದರೆ ರೊಟ್ಟಿ ಕಾಯುವವನು. ಸೀದುಹೋದ ರೊಟ್ಟಿಯ ಕಥೆ ಗೊತ್ತಿದ್ದ ನನಗೆ ಇದನ್ನು ಓದಿ ನಗು ತಡೆಯಲಾಗಲಿಲ್ಲ.

ಈ ಹಿಟ್ಟು ನಾದುವವಳು ಮಾಡಿದ ಕೆಲಸ ನೋಡಿ. 912ರಲ್ಲಿ ಬ್ರಿಜ್‌ನಾರ್ತ್ ಕೋಟೆ, 913ರಲ್ಲಿ ಟ್ಯಾಮ್‌ವರ್ತ್ ಮತ್ತು ಸ್ಟ್ಯಾಫರ್ಡ್, 914ರಲ್ಲಿ ಎಡಿಸ್‌ಬರಿ ಮತ್ತು ವಾರಿಕ್, 915ರಲ್ಲಿ ರನ್‌ಕಾರ್ನ್. ಕೋಟೆಯೆಂದರೆ ಬರೀ ಗೋಡೆಯಲ್ಲ. ಒಳಗೆ ಸಂತೆ, ಬೀದಿ, ಕಾವಲಿನವರು, ಹೊರಗಿನ ಹಳ್ಳಿಯವರು ಆಪತ್ತಿನಲ್ಲಿ ಓಡಿಬಂದರೆ ಆಸರೆ. ತಮ್ಮ ದಕ್ಷಿಣದಿಂದ ಕೋಟೆಗಳ ಸಾಲನ್ನು ಮುಂದಕ್ಕೆ ತಂದ, ಅಕ್ಕ ಪಶ್ಚಿಮದಿಂದ ತಂದಳು. ಡೇನರು ನಡುವೆ ಸಿಕ್ಕಿಕೊಂಡರು. 917ರಲ್ಲಿ ಅವಳ ಸೈನ್ಯ ಡಾರ್ಬಿಯನ್ನು ಹಿಡಿಯಿತು. ಬಾಗಿಲೊಳಗಿನ ಕಾಳಗದಲ್ಲಿ ಅವಳಿಗೆ ಬಲು ಬೇಕಾದ ನಾಲ್ವರು ಸರದಾರರು ಸತ್ತರು. ಮರುವರ್ಷ ಲೆಸ್ಟರ್ ಕಾದಾಟವಿಲ್ಲದೆ ಒಪ್ಪಿಸಿಕೊಂಡಿತು. ಉತ್ತರದ ಯಾರ್ಕ್‌ನವರೂ ಅವಳಿಗೆ ಅಧೀನರಾಗುವ ಮಾತು ಕೊಟ್ಟರು. ಅದು ಕೈಗೂಡುವ ಮೊದಲೇ, 918ರ ಜೂನ್ 12ರಂದು, ಟ್ಯಾಮ್‌ವರ್ತಿನಲ್ಲಿ ತೀರಿಕೊಂಡಳು.

ಇಷ್ಟೂ ಸಂಗತಿ ನಮಗೆ ತಿಳಿಯುವುದು ಮರ್ಸಿಯದ ಕಡೆಯವರು ಬರೆದಿಟ್ಟ ಒಂದು ಚಿಕ್ಕ ದಾಖಲೆಯಿಂದ. ತಮ್ಮನ ಪಕ್ಷದ ವೃತ್ತಾಂತವಾದ ವಿಂಚೆಸ್ಟರ್ ಪ್ರತಿಯಲ್ಲಿ ಎಡ್ವರ್ಡ್ ಕಟ್ಟಿಸಿದ ಕೋಟೆಗಳಿಗೆಲ್ಲ ಜಾಗವಿದೆ. ಅಕ್ಕ ಡಾರ್ಬಿ ಹಿಡಿದದ್ದಕ್ಕೆ ಜಾಗವಿಲ್ಲ. ದೊರೆಯ ಅಕ್ಕ ಸತ್ತಳು, ದೊರೆ ಹೋಗಿ ಟ್ಯಾಮ್‌ವರ್ತನ್ನು ವಶಪಡಿಸಿಕೊಂಡ, ಇಷ್ಟಕ್ಕೆ ಮುಗಿಯಿತು. ಸಮುದ್ರದಾಚೆಯ ಐರ್ಲೆಂಡಿನವರು ಮಾತ್ರ ಬಲು ಹೆಸರಾಂತ ಸ್ಯಾಕ್ಸನ್ ರಾಣಿ ಎಂದು ಅವಳ ಸಾವನ್ನು ಬರೆದುಕೊಂಡರು.

ಮಗಳು ಎಲ್ಫ್‌ವಿನ್‌ಳದು ಇನ್ನೊಂದು ಕಥೆ. ಮೂವತ್ತರ ಆಸುಪಾಸಿನವಳು. ತಾಯಿಯ ನಂತರ ಮರ್ಸಿಯದ ಅಧಿಕಾರ ಅವಳಿಗೆ ಬಂತು. ತಾಯಿಯಿಂದ ಮಗಳಿಗೆ ಅಧಿಕಾರ ಬಂದದ್ದು ಆ ಕಾಲದಲ್ಲಿ ಕಂಡುಕೇಳರಿಯದ ಮಾತು. ನಡುಚಳಿಗಾಲಕ್ಕೆ ಮೂರು ವಾರವಿದೆ ಎನ್ನುವಾಗ, ಬಹುತೇಕ ಇತಿಹಾಸಕಾರರ ಲೆಕ್ಕದಲ್ಲಿ ಅದೇ ವರ್ಷದ ಡಿಸೆಂಬರಿನಲ್ಲಿ, ಸೋದರಮಾವ ಅಧಿಕಾರವನ್ನೆಲ್ಲ ಕಿತ್ತುಕೊಂಡು ಅವಳನ್ನು ವೆಸೆಕ್ಸಿಗೆ ಸಾಗಿಸಿದ. ಮರ್ಸಿಯದ ದಾಖಲೆಯಲ್ಲಿ ಅವಳ ಮಾತು ಅಲ್ಲಿಗೆ ನಿಲ್ಲುತ್ತದೆ. ಅದರಲ್ಲೂ ಅವಳನ್ನು ಗುರುತಿಸಿರುವುದು ‘ಎಥೆಲ್‌ರೆಡ್‌ನ ಮಗಳು’ ಎಂದು. ತಾಯಿಯನ್ನು ಮೆಚ್ಚಿ ಬರೆದ ಕೈಯೇ ಅದನ್ನೂ ಬರೆಯಿತು.

ಎಡ್ವರ್ಡ್ ಮಾಡಿದ್ದು ಸರಿಯೇ? ನನ್ನೊಳಗಿನ ಮೇಡಂ ಸರಿ ಎನ್ನುತ್ತಾಳೆ. ಎಲ್ಫ್‌ವಿನ್‌ಳ ಕೈ ಹಿಡಿದವನು ಮರ್ಸಿಯವನ್ನು ಬೇರೆ ರಾಜ್ಯ ಮಾಡಿಕೊಂಡಿದ್ದರೆ ಇಂಗ್ಲೆಂಡ್ ಒಂದಾಗುತ್ತಿರಲಿಲ್ಲ. ಆದರೆ ಹಾಗೆ ಒಂದಾಗುವ ಮಟ್ಟಕ್ಕೆ ತಂದವಳು ಅವಳ ತಾಯಿಯಲ್ಲವೇ, ಅಕ್ಕ ಬದುಕಿರುವವರೆಗೂ ಬೇಕಾಗಿದ್ದ ಮನೆ ಅವಳು ಸತ್ತು ಆರು ತಿಂಗಳೊಳಗೆ ಬೇಡವಾಯಿತೇ ಎಂದು ಒಬ್ಬ ಅಕ್ಕನಾಗಿ, ಹೆಣ್ಣು ಹೆತ್ತವಳಾಗಿ ನನಗೆ ಕಸಿವಿಸಿ.

ಎಡ್ವರ್ಡ್‌ನ ಹಿರಿಯ ಮಗ ಆಥೆಲ್‌ಸ್ಟನ್ ಬೆಳೆದದ್ದು ಈ ಸೋದರತ್ತೆಯ ಮನೆಯಲ್ಲೇ ಎಂದು ಎರಡು ಶತಮಾನದ ನಂತರ ಮಾಮ್ಸ್‌ಬರಿಯ ವಿಲಿಯಂ ಎಂಬ ಸನ್ಯಾಸಿ ಬರೆದಿದ್ದಾನೆ. 924ರಲ್ಲಿ ತಂದೆ ಸತ್ತಾಗ ಅವನನ್ನು ಮೊದಲು ದೊರೆಯೆಂದು ಆರಿಸಿದವರೂ ಮರ್ಸಿಯದವರೇ. ಅತ್ತೆಗೆ ಮಾತು ಕೊಟ್ಟಿದ್ದ ಯಾರ್ಕ್ 927ರಲ್ಲಿ ಅವನ ಕೈ ಸೇರಿತು. ಇಂಗ್ಲಿಷರೆಲ್ಲರ ಮೊದಲ ದೊರೆ ಅವನೇ ಎಂದು ಪಠ್ಯಪುಸ್ತಕಗಳು ಹೇಳುತ್ತವೆ.

ಟ್ಯಾಮ್‌ವರ್ತ್ ಕೋಟೆಯ ಬಳಿ ಎಥೆಲ್‌ಫ್ಲೆಡ್‌ಳ ಪ್ರತಿಮೆಯೊಂದಿದೆ. ಅವಳು ಆ ಊರಿಗೆ ಕೋಟೆ ಕಟ್ಟಿ ಸಾವಿರ ವರ್ಷವಾಯಿತೆಂದು 1913ರಲ್ಲಿ ನಿಲ್ಲಿಸಿದ್ದು. ನಾನು ಚಿತ್ರದಲ್ಲಷ್ಟೇ ನೋಡಿದ್ದೇನೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈ ಪಕ್ಕಕ್ಕೆ ಒತ್ತಿಕೊಂಡು ನಿಂತ ಮಗುವಿನ ಮೇಲೆ. ಮಗಳಿರಬೇಕು ಎಂದುಕೊಂಡು ಕೆಳಗಿನ ವಿವರ ಓದಿದೆ. ಆ ಮಗು ತಮ್ಮನ ಮಗ, ಆಥೆಲ್‌ಸ್ಟನ್.