ಸೆಟ್

ಇಂಗ್ಲಿಷಿನ ಮೂರೇ ಅಕ್ಷರದ ಈ ಪದದ ವಿಸ್ತಾರ ನೋಡಿ: 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕ್ರಿಯಾಪದ 'ಸೆಟ್'ಗೆ 430 ಅರ್ಥಗಳನ್ನು ಕೊಟ್ಟಿತ್ತು. ಆ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ಇದರದೇ.

ಮೂಲ ಮಾತ್ರ ಸರಳ. ಹಳೆಯ ಇಂಗ್ಲಿಷಿನ 'ಸೆಟ್ಟನ್' ಎಂದರೆ ಕೂರಿಸು. ಅದು 'ಸಿಟ್' ಅಂದರೆ ಕೂರು ಎಂಬುದರ ಪ್ರೇರಣಾರ್ಥಕ ರೂಪ. ನಮ್ಮಲ್ಲಿ ಕೂರು, ಕೂರಿಸು ಎಂದಾಗುವ ಹಾಗೆಯೇ. ಹರಳನ್ನು ಉಂಗುರದಲ್ಲಿ ಕೂರಿಸುವುದು, ಗಡಿಯಾರದ ಅಲಾರಂ ಇಡುವುದು, ಮುರಿದ ಮೂಳೆಯನ್ನು ಜೋಡಿಸಿ ಕಟ್ಟುವುದು, ಸಿಮೆಂಟು ಗಟ್ಟಿಯಾಗುವುದು, ಸೂರ್ಯ ಮುಳುಗುವುದು ಎಲ್ಲಕ್ಕೂ ಅವರಿಗೆ ಇದೊಂದೇ ಪದ. ನಾವು ಪ್ರತಿಯೊಂದಕ್ಕೂ ಬೇರೆ ಕ್ರಿಯಾಪದ ಬಳಸುತ್ತೇವೆ. ಅನುವಾದಕ ಎಡವುವುದು ಇಲ್ಲಿಯೇ.

ಗುಂಪು ಎಂಬ ಅರ್ಥದ 'ಸೆಟ್' ಹುಟ್ಟಿನಿಂದ ಬೇರೆ. ಹಳೆಯ ಫ್ರೆಂಚ್ ಮೂಲಕ ಬಂದ ಅದರ ಬೇರು ಲ್ಯಾಟಿನ್‌ನ 'ಸೆಕ್ಟಾ', ಅಂದರೆ ಅನುಯಾಯಿಗಳ ಬಳಗ. ಪಂಥ ಎಂಬರ್ಥದ 'ಸೆಕ್ಟ್' ಇದರ ಒಡಹುಟ್ಟು. ಉಚ್ಚಾರ ಒಂದೇ ಆದ್ದರಿಂದ ಎರಡೂ ಕಾಲಕ್ರಮೇಣ ಬೆರೆತುಹೋದವು.

ಕನ್ನಡಕ್ಕೆ ಎರಡೂ ಬಂದಿವೆ. 'ಅವರಿಬ್ಬರಿಗೂ ಸೆಟ್ ಆಗಲ್ಲ' ಎನ್ನುವಾಗ ಹೊಂದಿಕೆಯ ಅರ್ಥ. ಟೀ ಸೆಟ್ಟಿನಲ್ಲಿ ಜೊತೆಯ ಅರ್ಥ. ಗಣಿತದ ಪಠ್ಯ ಮಾತ್ರ ಇದನ್ನು 'ಗಣ' ಎಂದು ಕರೆದು ಒಳ್ಳೆಯ ಕೆಲಸ ಮಾಡಿದೆ.

ನನಗೆ ಅತಿ ಪ್ರಿಯವಾದ ಬಳಕೆ ನಮ್ಮ ಹೋಟೆಲುಗಳದು. ಮೆತ್ತಗಿನ, ದಪ್ಪನೆಯ ದೋಸೆಗಳನ್ನು ಸಾಮಾನ್ಯವಾಗಿ ಮೂರರಂತೆ ಒಟ್ಟಿಗೆ ಕೊಡುವುದರಿಂದಲೇ ಅದು ಸೆಟ್ ದೋಸೆ.